ಕಂಬಳಿಗೆ ಕತ್ತರಿ

ಕಂಬಳಿ ಹೊದೆಯುವವರಿಗಿಂತ ಕಂಬಳಿಯನ್ನು ಉಳಿಸುವವರೇ ಹೆಚ್ಚಾಗಿದ್ದಾರೇನೋ ಎಂಬ ಅನುಮಾನ ನನಗೆ ಈಚೆಗೆ ಬರತೊಡಗಿದೆ. ಬೆಂಗಳೂರಿನ ಮನೆ ಅಲಂಕಾರದ ಅಂಗಡಿಗಳನ್ನೊಮ್ಮೆ ಹೊಕ್ಕು ನೋಡಿ. ಸೋಫಾದ ದಿಂಬಿಗೆ ಕಂಬಳಿಯ ಗವಸು, ಊಟದ ಮೇಜಿನ ನಡುವೆ ಕಂಬಳಿಯ ಪಟ್ಟಿ, ಲ್ಯಾಪ್‌ಟಾಪಿಗೆ ಕಂಬಳಿಯ ಚೀಲ, ಗೋಡೆಗೆ ಚೌಕಟ್ಟು ಹಾಕಿಸಿದ ಕಂಬಳಿಯ ತುಂಡು. ಹೊದೆಯುವ ಕಂಬಳಿ ಮಾತ್ರ ಅಲ್ಲಿ ಸಿಕ್ಕುವುದಿಲ್ಲ. ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟಿರುತ್ತಾರೆ: ಡೆಕ್ಕನ್ ಕುರಿಗಾಹಿಗಳ ಪುರಾತನ ಕಲೆ, ಸಂಪೂರ್ಣ ಕೈಮಗ್ಗ, ಪರಿಸರಸ್ನೇಹಿ. ನೇಯ್ದವರು ಯಾರು, ಊರು ಯಾವುದು, ಉಣ್ಣೆ ಯಾವ ಕುರಿಯದು ಎಂಬುದು ಚೀಟಿಯಲ್ಲಿರುವುದಿಲ್ಲ. 1800ರಲ್ಲಿ ಲಾರ್ಡ್ ವೆಲ್ಲೆಸ್ಲಿಯ ಆದೇಶದ ಮೇಲೆ ಶಿರಾ, ಮಧುಗಿರಿ ದಾರಿಯಾಗಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಕೂಡ ಕಂಬಳಿ ನೇಯುವವರು ಕುರುಬರು ಎಂದು ಬರೆದುಕೊಂಡಿದ್ದ. ಹೊಸದಾಗಿ ಗೆದ್ದ ಸೀಮೆಯ ಲೆಕ್ಕ ಹಾಕಲು ಬಂದ ಕಂಪನಿಯ ಮನುಷ್ಯನಿಗೆ ಇದ್ದಷ್ಟು ಕುತೂಹಲವೂ ಈ ಚೀಟಿ ಬರೆಯುವವರಿಗೆ ಇಲ್ಲವಲ್ಲ!

ನಾನು ಮಾತಾಡುತ್ತಿರುವುದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’ ಎಂಬ ಹೆಸರಿನಲ್ಲಿ ಪತ್ರಿಕೆಗೆ ಬಂದು, ಮತ್ತೆ ಮುಂದಿನ ಫಲಿತಾಂಶದವರೆಗೆ ಮರೆತುಹೋಗುವ ಸೀಮೆ ಇದು. ಬಂಡೆಗುಡ್ಡ, ಬತ್ತಿದ ಕೆರೆ, ಕಡಲೆಕಾಯಿ ಹೊಲ, ಹುಣಸೆ ಮರ, ಕುರಿ. ಇಲ್ಲಿ ಕುರುಬರಿಗೂ ಕಾಡುಗೊಲ್ಲರಿಗೂ ಕಂಬಳಿ ದಿನಬಳಕೆಯ ವಸ್ತು, ದೇವರ ವಸ್ತು ಎರಡೂ ಹೌದು. ಮಳೆಯಲ್ಲಿ ಅದೇ ಕೊಪ್ಪೆ, ಚಳಿಯಲ್ಲಿ ಅದೇ ಹೊದಿಕೆ, ಬಯಲಲ್ಲಿ ಅದೇ ಹಾಸಿಗೆ. ಬೀರಪ್ಪನ ಪೂಜೆಗೆ ಅದನ್ನೇ ಮಡಿಸಿ ಗದ್ದುಗೆ ಹಾಕುತ್ತಾರೆ. ಮದುವೆಯಲ್ಲಿ ಗಂಡು ಹೆಣ್ಣನ್ನು ಕೂರಿಸಲು ಅದನ್ನೇ ಹಾಸುತ್ತಾರೆ. ಹಾಗೆಂದು ಯಾರೂ ಅದನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಟೆ ಮಾಡುವುದಿಲ್ಲ. ಗದ್ದುಗೆಯ ಮಾರನೆಯ ದಿನ ಅದು ಮತ್ತೆ ಕುರಿಮಂದೆಯ ಹಿಂದೆ ಹೆಗಲ ಮೇಲಿರುತ್ತದೆ.

ಒಂದು ಕಂಬಳಿ ಆಗುವ ಬಗೆಯನ್ನು ಹೇಳಲೇಬೇಕು, ಯಾಕೆಂದರೆ ನನ್ನ ಜಗಳ ಇರುವುದು ಅದರೊಳಗೇ. ವರ್ಷಕ್ಕೆ ಎರಡು ಸಲ ಕುರಿಯ ಉಣ್ಣೆ ಕತ್ತರಿಸುತ್ತಾರೆ. ಮರಿಯ ಮೊದಲ ಕತ್ತರಿಯ ಉಣ್ಣೆ ಎಲ್ಲಕ್ಕಿಂತ ಮೆತ್ತಗೆ, ಎಲ್ಲಕ್ಕಿಂತ ಕಪ್ಪು. ವಯಸ್ಸಾದಂತೆ, ಬಿಸಿಲು ತಿಂದಂತೆ ಅದು ಕಂದಿಗೆ ತಿರುಗುತ್ತದೆ. ಆ ಉಣ್ಣೆಯನ್ನು ಬಣ್ಣಕ್ಕೆ ತಕ್ಕಂತೆ ಬೇರೆ ಮಾಡಿ, ಹಿಂಜಿ, ಹೆಂಗಸರು ರಾಟೆಯಲ್ಲಿ ನೂಲುತ್ತಾರೆ. ಕಂಬಳಿಯ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಹಿಡಿಯುವುದು ಈ ನೂಲುವಿಕೆ, ಅತಿ ಕಡಿಮೆ ಕೂಲಿ ಸಿಗುವುದೂ ಇದಕ್ಕೇ. ನೂಲನ್ನು ಬೀದಿಯುದ್ದಕ್ಕೆ ಹಾಸು ಕಟ್ಟಿ, ಹುಣಸೆಬೀಜ ಅರೆದು ಬೇಯಿಸಿದ ಗಂಜಿಯನ್ನು ಬಳಿದು ಒಣಗಿಸುತ್ತಾರೆ. ಹುಣಸೆಗೆ ನಮ್ಮ ಕಡೆ ಬರವಿಲ್ಲ. ಆಮೇಲೆ ಗುಂಡಿ ಮಗ್ಗದಲ್ಲಿ ಕುಳಿತು ನೇಯುವುದು. ಗಂಜಿಯ ಬಿರುಸು, ಉಣ್ಣೆಯ ಸಹಜ ಜಿಡ್ಡು, ಎಳೆಯ ಒರಟುತನ ಮೂರೂ ಸೇರಿದ್ದರಿಂದಲೇ ಮಳೆಹನಿ ಕಂಬಳಿಯ ಮೇಲೆ ನಿಂತು ಜಾರಿಹೋಗುತ್ತದೆ, ಥಟ್ಟನೆ ಒಳಗಿಳಿಯುವುದಿಲ್ಲ.

ಈಗ ನಗರದಿಂದ ಬರುವ ಆರ್ಡರನ್ನು ನೋಡಿ. ಕಂಬಳಿ ಚುಚ್ಚಬಾರದು. ವಾಸನೆ ಬರಬಾರದು. ನಲವತ್ತು ಗವಸುಗಳ ಬಣ್ಣ ಒಂದೇ ತೆರನಾಗಿರಬೇಕು. ಅಳತೆ 16 ಇಂಚಿಗೆ 16 ಇಂಚು, ಒಂದು ನೂಲು ಆಚೀಚೆ ಆಗಬಾರದು. ವಾಸನೆ ಹೋಗಲೆಂದು ಸೋಪಿನ ಪುಡಿ ಹಾಕಿ ಒಗೆದರೆ ಜಿಡ್ಡು ಹೋಗುತ್ತದೆ. ಮೆತ್ತಗಾಗಲೆಂದು ಗಂಜಿ ಬಿಡಿಸಿದರೆ ಬಿರುಸು ಹೋಗುತ್ತದೆ. ಬಣ್ಣ ಒಂದೇ ಆಗಲೆಂದು ಅದ್ದಿದರೆ ಕುರಿಯ ಗುರುತೇ ಹೋಗುತ್ತದೆ. ಕೊನೆಗೆ ಕತ್ತರಿಸಿದಾಗ ಅಂಚು ಬಿಚ್ಚಿಕೊಳ್ಳುತ್ತದೆಂದು ಸುತ್ತ ಮಿಷನ್ ಹೊಲಿಗೆ, ಚುಚ್ಚುತ್ತದೆಂದು ಒಳಗೆ ಹತ್ತಿ ಬಟ್ಟೆಯ ಪದರ. ಇಷ್ಟೆಲ್ಲ ಆದ ಮೇಲೂ ಅದರ ಹೆಸರು ಕಂಬಳಿ, ಮಾರಾಟವಾಗುವುದು ಆ ಹೆಸರಿನ ಬಲದ ಮೇಲೆ. ಕಂಬಳಿಯಲ್ಲಿ ಊಟಕ್ಕೆ ಕೂತು ಕೂದಲು ಆರಿಸಿದರಂತೆ ಎಂಬ ಗಾದೆ ಇದೆಯಲ್ಲ, ಆ ಆರಿಸುವ ಕೆಲಸಕ್ಕೆ ಈಗ ‘ಮೌಲ್ಯವರ್ಧನೆ’ ಎಂದು ಹೆಸರಿಟ್ಟಿದ್ದಾರೆ.

ಈ ರುಚಿ ಎಲ್ಲಿಂದ ಬಂತು ಎಂಬುದೂ ಗುಟ್ಟಲ್ಲ. 2016ರ ಸುಮಾರಿಗೆ ಡೆನ್ಮಾರ್ಕಿನ ‘ಹ್ಯೂಗ’ ಎಂಬ ಪದ ಇಂಗ್ಲೆಂಡಿನಲ್ಲಿ ಜನಪ್ರಿಯವಾಯಿತು. ಕಾಲಿನ್ಸ್ ನಿಘಂಟಿನವರ ಆ ವರ್ಷದ ಪದಗಳ ಪಟ್ಟಿಯಲ್ಲೂ ಅದಿತ್ತು. ಮೋಂಬತ್ತಿ, ಬಿಸಿ ಕೋಕೋ, ಉಣ್ಣೆಯ ಹೊದಿಕೆ, ಬೆಚ್ಚಗಿನ ಮೂಲೆ. ಚಳಿದೇಶದ ಆ ಸುಖದ ಚಿತ್ರ ಇನ್‌ಸ್ಟಾಗ್ರಾಮಿನಲ್ಲಿ ಸುತ್ತಿ, ಏಪ್ರಿಲ್ ತಿಂಗಳಲ್ಲಿ ಫ್ಯಾನಿನ ಕೆಳಗೆ ಬೆವರುವ ನಮ್ಮ ಮನೆಗಳಿಗೂ ಬಂತು. ಅದರ ಹಿಂದೆಯೇ ಬೋಹೋ ಬಂತು, ಜಪಾಂಡಿ ಬಂತು, ‘ಮಣ್ಣಿನ ಬಣ್ಣಗಳು’ ಬಂದವು. ಅಮೆರಿಕದ ಪ್ಯಾಂಟೋನ್ ಕಂಪನಿ ಪ್ರತಿ ಡಿಸೆಂಬರಿನಲ್ಲಿ ಮುಂದಿನ ವರ್ಷದ ಬಣ್ಣವನ್ನು ಘೋಷಿಸುತ್ತದೆ. 2024ಕ್ಕೆ ಅದು ಪೀಚ್ ಹಣ್ಣಿನ ಬಣ್ಣವಾಗಿತ್ತು, 2025ಕ್ಕೆ ಕಾಫಿ–ಚಾಕೊಲೇಟಿನ ಕಂದು. ಕಂದು ಬಂದ ವರ್ಷ ಕಂಬಳಿಗೆ ಅದೃಷ್ಟ ಎನ್ನೋಣ. ಪೀಚ್ ಬಣ್ಣದ ಕುರಿಯನ್ನು ಎಲ್ಲಿಂದ ತರುವುದು? ಒಂದು ಕುರಿ ಮರಿಯಾಗಿ ಎರಡು ಕತ್ತರಿ ಉಣ್ಣೆ ಕೊಡುವಷ್ಟರಲ್ಲಿ ಈ ಮಾರುಕಟ್ಟೆ ತನ್ನ ಮನಸ್ಸು ಬದಲಿಸಿರುತ್ತದೆ.

ಹೀಗೆಂದ ಕೂಡಲೇ ಬರುವ ಉತ್ತರ ನನಗೆ ಗೊತ್ತು. ನಿಮ್ಮ ಮಾತು ಕೇಳಿದರೆ ನೇಕಾರ ಉಪವಾಸ ಬೀಳುತ್ತಾನೆ, ಗವಸು ಮಾರಿದರೆ ನಾಲ್ಕು ಕಾಸಾದರೂ ಬರುತ್ತದೆ ಎಂದು. ಈ ಉತ್ತರದಲ್ಲಿ ಹುರುಳಿದೆ. 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದ ನೇಕಾರ ಕುಟುಂಬಗಳಲ್ಲಿ ಶೇ. 66ಕ್ಕೂ ಹೆಚ್ಚಿನವರ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಇಂಥ ಸ್ಥಿತಿಯಲ್ಲಿರುವವರ ಮುಂದೆ ನಿಂತು ‘ಕಂಬಳಿ ಕತ್ತರಿಸಬೇಡಿ, ಸಂಸ್ಕೃತಿ ಹಾಳಾಗುತ್ತದೆ’ ಎನ್ನುವ ಪಂಡಿತರ ಜೊತೆಗೂ ನಾನಿಲ್ಲ. ವಿಚಾರ ಸಂಕಿರಣದಲ್ಲಿ ಹೆಗಲಿಗೆ ಕಂಬಳಿ ಹೊದಿಸಿಕೊಂಡು ಫೋಟೋ ತೆಗೆಸಿಕೊಂಡು, ಅದನ್ನು ಕಾರಿನ ಡಿಕ್ಕಿಯಲ್ಲಿ ಮರೆತುಬಿಡುವವರು ಇವರೇ. ಮಗ್ಗದವನು ಏನು ಬೇಕಾದರೂ ನೇಯಲಿ. ಚಾಪೆ ನೇಯಲಿ, ಚೀಲ ನೇಯಲಿ, ತನಗೆ ತೋಚಿದ ಹೊಸ ಅಂಚು ಹಾಕಲಿ.

ಆದರೆ ಆ ನಾಲ್ಕು ಕಾಸಿನ ಜೊತೆ ಏನು ಹೋಗುತ್ತದೆ ಎಂದು ಲೆಕ್ಕ ಹಾಕಿದವರು ಕಡಿಮೆ. ಸಂತೆಗೆ ಕಂಬಳಿ ಒಯ್ಯುತ್ತಿದ್ದ ನೇಕಾರನಿಗೆ ಕೊಳ್ಳುವವನು ಗೊತ್ತಿದ್ದ. ಕೊಳ್ಳುವವನೂ ಕುರಿ ಬಲ್ಲವನು. ಬೆಳಕಿಗೆ ಹಿಡಿದು, ಬೆರಳಲ್ಲಿ ಉಜ್ಜಿ, ಮೊಳ ಹಾಕಿ, ನೂಲು ಸಡಿಲ ಎಂದು ಹಳಿದು, ಚೌಕಾಸಿ ಮಾಡಿ ಕೊಳ್ಳುತ್ತಿದ್ದ. ನೇಕಾರನ ಕೆಲಸವನ್ನು ಅಳೆಯುತ್ತಿದ್ದವನು ನೇಕಾರನಷ್ಟೇ ತಿಳಿದವನಾಗಿದ್ದ. ಈಗ ಅಳತೆ ವಾಟ್ಸಾಪಿನಲ್ಲಿ ಬರುತ್ತದೆ, ಅದು ಯಾಕೆ ಅಷ್ಟೇ ಇರಬೇಕು ಎಂಬುದು ನೇಯುವವನಿಗೆ ಗೊತ್ತಿಲ್ಲ, ಯಾರೂ ಹೇಳುವುದೂ ಇಲ್ಲ. ಹಬ್ಬದ ಮುಂಚೆ ಅವಸರದ ಆರ್ಡರ್, ಆಮೇಲೆ ಆರು ತಿಂಗಳು ಮೌನ. ಪಾವಗಡದ ಕಡೆಯ ಹಿರಿಯರೊಬ್ಬರು ಹೀಗೆ ತಿರಸ್ಕೃತವಾಗಿ ಬಂದ ತುಂಡುಗಳ ಕಟ್ಟೊಂದನ್ನು ನನಗೆ ತೋರಿಸಿದ್ದರು. ಬಣ್ಣದಲ್ಲಿ ಏರುಪೇರು ಎಂಬುದೊಂದೇ ಕಾರಣ. ಪೂರ್ತಿ ಕಂಬಳಿಯಾಗಿದ್ದರೆ ಯಾರಾದರೂ ಕೊಂಡು ಹೊದೆಯುತ್ತಿದ್ದರು, ಈ ಚೌಕಗಳನ್ನು ಏನು ಮಾಡಲಿ ಎನ್ನುವುದು ಅವರ ಪ್ರಶ್ನೆ. ನನ್ನ ಬಳಿ ಉತ್ತರವಿರಲಿಲ್ಲ. ಕಂಬಳಿ ಮಾರಾಟವಾಗದಿದ್ದರೆ ಕಂಬಳಿಯಾಗಿಯೇ ಉಳಿಯುತ್ತಿತ್ತು, ಗವಸು ಮಾರಾಟವಾಗದಿದ್ದರೆ ಬರೀ ಚಿಂದಿ.

ಇಷ್ಟಾಗಿ, ಕಂಬಳಿಯನ್ನು ಮೂಲೆಗೆ ತಳ್ಳಿದ್ದು ಅದರ ‘ಹಳೇ ವಿನ್ಯಾಸ’ ಎಂಬ ಮಾತೇ ಸುಳ್ಳು. ಅಂಗಡಿಯವರು ತಮ್ಮ ಅನುಕೂಲಕ್ಕೆ ಹೇಳುವ ಕತೆ ಅದು. ಕಂಬಳಿಯ ಜಾಗಕ್ಕೆ ಬಂದದ್ದು ಯಾವುದು ಎಂದು ಕೇಳಿದರೆ ಗೊತ್ತಾಗುತ್ತದೆ. ಶ್ರೀಮಂತ ದೇಶಗಳು ಎಸೆದ ಹಳೆ ಸ್ವೆಟರು, ಕೋಟುಗಳು ಹರಿಯಾಣದ ಪಾಣಿಪತ್‌ಗೆ ಬರುತ್ತವೆ. ಅವನ್ನು ಹರಿದು, ಮತ್ತೆ ನೂಲಾಗಿಸಿ, ಅಗ್ಗದ ಹೊದಿಕೆಗಳನ್ನು ಮಾಡುತ್ತಾರೆ. ನೆರೆ, ಭೂಕಂಪ ಆದಾಗ ಹಂಚುವ ಹೊದಿಕೆಗಳಲ್ಲಿ ಅವೂ ಸೇರಿವೆ. ಆ ಬೆಲೆಗೆ ಕೈಯಲ್ಲಿ ನೂತ ಕಂಬಳಿ ಎಂದೂ ಸಿಗಲಾರದು. ಅಂದರೆ ಯೂರೋಪು ಎಸೆದದ್ದನ್ನು ನಮ್ಮ ಬಡವರು ಹೊದೆಯುತ್ತಾರೆ, ನಮ್ಮ ಬಡವರು ಹೊದೆಯುತ್ತಿದ್ದುದನ್ನು ಯೂರೋಪಿನ ಸೊಗಸಿನ ಹೆಸರಲ್ಲಿ ನಾವು ಸೋಫಾದ ಮೇಲಿಡುತ್ತೇವೆ.

ಇನ್ನು ಕುರಿ. ಮಾಂಸದ ಬೆಲೆ ಏರಿದ ಹಾಗೆ ಕರಿಯುಣ್ಣೆಯ ಕುರಿಯನ್ನು ಬಿಟ್ಟು, ಬೇಗ ತೂಕ ಬರುವ, ಉಣ್ಣೆಯಿಲ್ಲದ ನೆಲ್ಲೂರು ತಳಿಯ ಕಡೆಗೆ ಸಾಕುವವರು ಹೊರಳಿದ್ದಾರೆ. ಅವರನ್ನು ದೂರುವಂತಿಲ್ಲ. ಕತ್ತರಿಸುವ ಕೂಲಿಗೂ ಸಾಲದ ಬೆಲೆಗೆ ಉಣ್ಣೆ ಹೋಗುವಾಗ, ಎಷ್ಟೋ ಕಡೆ ಅದನ್ನು ಕತ್ತರಿಸಿ ಹೊಲದ ಬದುವಿನ ಮೇಲೆ ಎಸೆದುಬಿಡುತ್ತಾರೆ. ಮೇಯಿಸುವ ಜಾಗವೂ ಕಿರಿದಾಗಿದೆ. ಪಾವಗಡದ ತಿರುಮಣಿಯ ಸುತ್ತ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕು ನಿಂತಿದೆ, 2018ರಲ್ಲಿ ಉದ್ಘಾಟನೆಯಾದದ್ದು. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಲೆಕ್ಕದಲ್ಲಿ ಗುತ್ತಿಗೆ ನಿಗದಿಯಾಯಿತು. ಬರದಲ್ಲಿ ನೊಂದ ರೈತರಿಗೆ ಅದು ಆಸರೆಯೇ. ಆದರೆ ಕೊಯ್ಲಾದ ಹೊಲದಲ್ಲಿ ಕುರಿ ಮೇಯಿಸುತ್ತಿದ್ದವನಿಗೆ, ಗೊಬ್ಬರಕ್ಕೆ ಮಂದೆ ತರುಬಿ ಕಾಳು ಪಡೆಯುತ್ತಿದ್ದವನಿಗೆ ಆ ಹೊಲದ ಪಹಣಿಯಲ್ಲಿ ಹೆಸರಿರಲಿಲ್ಲ. ಹೆಸರಿಲ್ಲದವನಿಗೆ ಗುತ್ತಿಗೆಯೂ ಇಲ್ಲ, ಬೇಲಿ ಮಾತ್ರ ಇದೆ. ಈ ಬೇಲಿಯ ಬಗ್ಗೆ, ಈ ಕುರಿಯ ಬಗ್ಗೆ, ನೂಲುವ ಹೆಂಗಸಿನ ಕೂಲಿಯ ಬಗ್ಗೆ ಯಾವ ವಿನ್ಯಾಸಕರ ಚೀಟಿಯೂ ಒಂದಕ್ಷರ ಬರೆಯುವುದಿಲ್ಲ. ‘ಪರಿಸರಸ್ನೇಹಿ’ ಎಂಬ ಪದ ಮಾತ್ರ ದಪ್ಪ ಅಕ್ಷರದಲ್ಲಿರುತ್ತದೆ.

ಕೈಯಿಂದ ಮಾಡಿದ್ದನ್ನು ಮನೆಯಲ್ಲಿಡಬೇಕೆಂದು ನಿಜವಾಗಿ ಆಸೆಯಿರುವವರು ಒಂದು ಇಡೀ ಕಂಬಳಿ ಕೊಳ್ಳಲಿ. ಎರಡು ಗವಸಿನ ಬೆಲೆಗೆ ಅದು ಸಿಕ್ಕಿದರೂ ಸಿಕ್ಕೀತು. ಚುಚ್ಚಿದರೆ ಒಳಗೊಂದು ಹಳೆ ಸೀರೆ ಹಾಕಿ ಹೊದೆಯಲಿ, ನಮ್ಮಲ್ಲಿ ಎಳೆಮಕ್ಕಳಿಗೆ ಮಾಡುವುದೇ ಹಾಗೆ. ಬಣ್ಣದ ಏರುಪೇರನ್ನು ಒಪ್ಪಿಕೊಳ್ಳಲಿ, ಅದು ಬೇರೆ ಬೇರೆ ಕುರಿಗಳ ಬಣ್ಣ. ಮಾರುವವರು ಊರಿನ ಹೆಸರು ಹಾಕಲಿ, ನೂತವರಿಗೆ ಎಷ್ಟು, ನೇಯ್ದವರಿಗೆ ಎಷ್ಟು, ತಮಗೆ ಎಷ್ಟು ಎಂದು ಅದೇ ಚೀಟಿಯಲ್ಲಿ ಬರೆಯಲಿ. ಬರೆಯಲು ಯಾಕೆ ಹಿಂಜರಿಕೆ?

ಆದರೂ ನನ್ನ ಹೆಚ್ಚಿನ ಸಿಟ್ಟು ಅಂಗಡಿಗಳ ಮೇಲಲ್ಲ. ಕೈಮಗ್ಗಕ್ಕೆ ಮೀಸಲಾದ ವಸ್ತುಗಳ ಕಾಯಿದೆ 1985ರಿಂದ ಇದೆ. ಅದರಡಿ ಮೀಸಲಿರುವ ಹನ್ನೊಂದು ವಸ್ತುಗಳಲ್ಲಿ ಸೀರೆ, ಪಂಚೆ, ಲುಂಗಿಗಳ ಜೊತೆ ‘ಕಂಬಳಿ’ ಎಂಬ ನಮ್ಮ ಪದವೇ ಇದೆ. ಈ ನಾಲ್ಕೂ ತಾಲ್ಲೂಕುಗಳಲ್ಲಿ ಸರ್ಕಾರದ ವಿದ್ಯಾರ್ಥಿನಿಲಯಗಳಿವೆ, ಅವುಗಳಲ್ಲಿ ಕುರಿ ಕಾಯುವವರ ಮಕ್ಕಳೂ ಇದ್ದಾರೆ. ಆ ಮಕ್ಕಳಿಗೆ ಹೊದಿಕೆ ಕೊಳ್ಳುವ ಟೆಂಡರಿನಲ್ಲಿ, ಅತಿ ಕಡಿಮೆ ದರ ಎಂಬ ಷರತ್ತಿನ ಪಕ್ಕದಲ್ಲಿ, ಇದೇ ತಾಲ್ಲೂಕುಗಳ ಉಣ್ಣೆ, ಇದೇ ತಾಲ್ಲೂಕುಗಳ ಮಗ್ಗ ಎಂಬ ಒಂದು ಸಾಲನ್ನು ಸೇರಿಸಲು ಯಾವ ವಿನ್ಯಾಸಕರ ಸಲಹೆಯೂ ಬೇಕಿಲ್ಲ.