ತಿಥಿ ಹೇಳದೆ ಬರುವ ಅತಿಥಿಗಳು

ನಾನು ಪ್ರೈಮರಿ ಓದುವಾಗ ನಮ್ಮ ಶಾಲೆಗೆ ಇನ್‌ಸ್ಪೆಕ್ಷನ್ ಇದೆ ಅನ್ನೋದು ಒಂದು ವಾರ ಮುಂಚೆಯೇ ಗೊತ್ತಾಗುತ್ತಿತ್ತು. ಗೋಡೆಗೆ ಸುಣ್ಣ, ಬಾಗಿಲಿಗೆ ಮಾವಿನ ತೋರಣ. ಮಗ್ಗಿ ಬರುವ ಹುಡುಗರು ಮುಂದಿನ ಸಾಲಿಗೆ, ನನ್ನಂಥವರು ಕಂಬದ ಹಿಂದಕ್ಕೆ :) ಮೇಷ್ಟ್ರ ಕೈಯಲ್ಲಿ ಸದಾ ಇರುತ್ತಿದ್ದ ಬೆತ್ತ ಅವತ್ತು ಬೀರುವಿನ ಮೇಲೆ ಮಲಗಿರುತ್ತಿತ್ತು. ಸಾಹೇಬರು ಬಂದು, ಎಳನೀರು ಕುಡಿದು, "ಉತ್ತಮ" ಅಂತ ಬರೆದು ಹೋಗುತ್ತಿದ್ದರು. ಮರುದಿನ ಬೆತ್ತ ಕೆಳಗಿಳಿಯುತ್ತಿತ್ತು.

ಈಗ ಕಂಪೆನಿಯಲ್ಲಿ ಕ್ಲೈಂಟ್ ವಿಸಿಟ್ ಅಂದರೂ ಇದೇ ಕಥೆ. ಡ್ಯಾಶ್‌ಬೋರ್ಡ್ ಎಲ್ಲಾ ಹಸಿರು! ಹೇಳಿ ಬಂದವರಿಗೆ ನಾವು ತೋರಿಸಬೇಕು ಅಂದುಕೊಂಡದ್ದು ಮಾತ್ರ ಕಾಣುತ್ತದೆ.

ಇದನ್ನೆಲ್ಲ ಬರೆಯೋಕೆ ಕಾರಣ ಇದೆ. ಹೋದ ಮಳೆಗಾಲದಲ್ಲಿ ಬಸ್ಸಿನಲ್ಲಿ ನನ್ನ ಮೊಬೈಲ್ ಕಳುವಾಯಿತು. ದೂರು ಕೊಡೋಣ ಅಂತ ಒಂದು ಪೊಲೀಸ್ ಸ್ಟೇಷನ್ನಿಗೆ ಹೋಗಿದ್ದೆ. ಬೆಂಚಿನ ಮೇಲೆ ಕೂತಿದ್ದಾಗ ಒಳಗಿನ ಕೋಣೆಯಿಂದ ಏಟಿನ ಸದ್ದು ಬಂತು. ಆಮೇಲೆ "ನಾನಲ್ಲ ಸಾರ್, ನಾನಲ್ಲ ಸಾರ್" ಅನ್ನುವ ಎಳೆಯ ದನಿ. ದೂರು ಬರೆದುಕೊಳ್ಳುತ್ತಿದ್ದವರು ತಲೆ ಎತ್ತಲಿಲ್ಲ. "ಐಎಂಇಐ ನಂಬರ್ ಹೇಳಿ" ಅಂದರು. ಹೇಳಿದೆ. ಹದಿನೈದು ಅಂಕಿ, ಒಂದೂ ತಪ್ಪದೆ. ಚೀಟಿ ತಗೊಂಡು ಮನೆಗೆ ಬಂದೆ.

ಮರುದಿನ ಊಟದ ಹೊತ್ತಿಗೆ ಈ ವಿಷಯ ಹೇಳಿದರೆ ಗೆಳೆಯನೊಬ್ಬ, "ಕಳ್ಳನಿಗೆ ಎರಡು ಬಿಟ್ಟರೆ ತಪ್ಪೇನೋ? ನಿನ್ನ ಫೋನೇ ಸಿಗಬಹುದು" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಈ ಕೋಣೆಗಳೊಳಗೆ ಇಣುಕುವವರು ಜಗತ್ತಿನಲ್ಲಿ ಯಾರಾದರೂ ಇದ್ದಾರಾ, ಇದ್ದರೆ ಹೇಗೆ ಇಣುಕುತ್ತಾರೆ ಅಂತ ಓದತೊಡಗಿದೆ.

ಇದ್ದಾರೆ. ವಿಶ್ವಸಂಸ್ಥೆಯಲ್ಲಿ ಚಿತ್ರಹಿಂಸೆಯ ವಿರುದ್ಧ 1984ರಲ್ಲಿ ಆದ ಒಪ್ಪಂದವಿದೆ. ಅದನ್ನು ಒಪ್ಪಿ ಅನುಮೋದಿಸಿದ ದೇಶ ಮೊದಲ ವರದಿಯಾದ ಮೇಲೆ ನಾಲ್ಕು ವರ್ಷಕ್ಕೊಮ್ಮೆ ವರದಿ ಕಳಿಸಬೇಕು. ಜಿನೀವಾದಲ್ಲಿ 10 ಜನರ ಸಮಿತಿ ಅದನ್ನು ಓದಿ ಪ್ರಶ್ನೆ ಕೇಳುತ್ತದೆ. ಸ್ವತಂತ್ರ ಸಂಘಟನೆಗಳು ಕೊಡುವ ಬೇರೆ ವರದಿಗಳನ್ನೂ ನೋಡುತ್ತದೆ. ಒಳ್ಳೆಯದೇ. ಆದರೆ ಹೆಚ್ಚುಕಡಿಮೆ ನಮ್ಮ ಮಾರ್ಕ್ಸ್‌ಕಾರ್ಡನ್ನು ನಾವೇ ತುಂಬಿ ಕಳಿಸಿದ ಹಾಗೆ!

ಈ ದೌರ್ಬಲ್ಯವನ್ನು ಮೊದಲೇ ಕಂಡವರು ಸ್ವಿಟ್ಜರ್ಲೆಂಡಿನ ಬ್ಯಾಂಕರ್ ಜಾನ್ ಜಾಕ್ ಗೋತಿಯೇ. ರೆಡ್ ಕ್ರಾಸಿನವರು ಯುದ್ಧಕೈದಿಗಳನ್ನು ನೋಡಲು ಹೋಗುತ್ತಾರಲ್ಲ, ಹಾಗೆಯೇ ಎಲ್ಲ ಜೈಲು, ಠಾಣೆಗಳಿಗೂ ಹೊರಗಿನವರು ಹೋಗುವಂತಾಗಬೇಕು ಅನ್ನೋದು ಅವರ ಯೋಚನೆ. ಅದಕ್ಕಾಗಿ 1977ರಲ್ಲಿ ಜಿನೀವಾದಲ್ಲಿ ಒಂದು ಸಂಸ್ಥೆ ಕಟ್ಟಿದರು. ಚಿತ್ರಹಿಂಸೆ ಕತ್ತಲೆಯಲ್ಲಿ ಮಾತ್ರ ನಡೆಯುತ್ತದೆ, ಯಾರೋ ಯಾವಾಗಲೋ ಬಾಗಿಲು ತೆಗೆಯಬಹುದು ಅಂತಾದರೆ ಕೈ ಹಿಂಜರಿಯುತ್ತದೆ. ಇಷ್ಟೇ ಸರಳ ಲೆಕ್ಕ. ಯುರೋಪು 1987ರಲ್ಲಿ ಇದನ್ನು ಒಪ್ಪಂದ ಮಾಡಿಕೊಂಡಿತು. ಅದರ ಸಮಿತಿಯೇ ಸಿಪಿಟಿ. ವಿಶ್ವಸಂಸ್ಥೆ 2002ರಲ್ಲಿ ಇಂಥದ್ದೇ ಪೂರಕ ಒಪ್ಪಂದ ತಂದಿತು. ಅದು 2006ರಲ್ಲಿ ಜಾರಿಗೆ ಬಂತು. ಅದರ ಉಪಸಮಿತಿಯಲ್ಲಿ ಈಗ 25 ಜನ ಇದ್ದಾರೆ.

ಇವರು ಕೆಲಸ ಮಾಡುವ ರೀತಿ ನನಗೆ ಬಹಳ ಹಿಡಿಸಿತು. ದೇಶಕ್ಕೆ ಬರುತ್ತೇವೆ ಅಂತ ತಿಳಿಸುತ್ತಾರೆ. ಬಂದ ಮೇಲೆ ಪಟ್ಟಿಯಲ್ಲಿ ಇಲ್ಲದ ಠಾಣೆಗೂ, ನಡುರಾತ್ರಿಯೂ ಹೋಗಿ ಬಾಗಿಲು ತಟ್ಟಬಹುದು. ತಂಡದಲ್ಲಿ ವೈದ್ಯರೂ ವಕೀಲರೂ ಇರುತ್ತಾರೆ. ಎಲ್ಲಕ್ಕಿಂತ ಮುಖ್ಯ, ಬಂಧಿತನ ಜೊತೆ ಏಕಾಂತದಲ್ಲಿ ಮಾತಾಡುತ್ತಾರೆ. ಈ ಷರತ್ತನ್ನು ಬಿಟ್ಟುಕೊಡುವುದಿಲ್ಲ. 2005ರಲ್ಲಿ ಅಮೆರಿಕ ಗ್ವಾಂಟನಾಮೊ ನೋಡಲು ವಿಶ್ವಸಂಸ್ಥೆಯ ತಜ್ಞರನ್ನು ಕರೆಯಿತು, ಆದರೆ ಕೈದಿಗಳ ಜೊತೆ ಒಬ್ಬೊಬ್ಬರಾಗಿ ಮಾತಾಡುವಂತಿಲ್ಲ ಅಂದಿತು. ಹಾಗಾದರೆ ಬರುವುದೇ ಇಲ್ಲ ಅಂದುಬಿಟ್ಟರು!

ಟರ್ಕಿಯ ಕಥೆ ಕೇಳಿ. ಪೊಲೀಸರ ಕೈಯಿಂದ ದಾಟಿ ಬಂದವರು, ತಮ್ಮನ್ನು ಎಂಥ ಮಂಚಕ್ಕೆ ಕಟ್ಟಿ ಕರೆಂಟ್ ಕೊಟ್ಟರು ಅಂತ ಸಿಪಿಟಿಯವರಿಗೆ ವಿವರಿಸಿದ್ದರು. ತಂಡ ಅಂಕಾರಾದ ಪೊಲೀಸ್ ಕೇಂದ್ರ ಕಚೇರಿಗೆ ಹೋಯಿತು. ಅಲ್ಲಿ ಸ್ಟ್ರೆಚರ್‌ನಂಥ ತಗ್ಗು ಮಂಚ, ಪಕ್ಕಕ್ಕೆ ನಾಲ್ಕರಂತೆ ಎಂಟು ಪಟ್ಟಿಗಳು. ಹೇಳಿದ ವಿವರಕ್ಕೂ ಇದಕ್ಕೂ ಸರಿಯಾಗಿ ತಾಳೆಯಾಯಿತು. ಇದು ಯಾಕೆ ಇಲ್ಲಿದೆ ಅಂತ ಕೇಳಿದರೆ ನಂಬುವಂಥ ಉತ್ತರ ಬರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಯೂಸರ್ ಬರೆದ ಬಗ್ ರಿಪೋರ್ಟನ್ನು ಹಿಡಿದುಕೊಂಡು ನೇರ ಪ್ರೊಡಕ್ಷನ್ ಸರ್ವರಿಗೇ ಹೋಗಿ ನೋಡಿದ ಹಾಗೆ.

ಆದರೆ ಒಂದು ಕಸಿವಿಸಿ ಇದೆ. ಕಂಡದ್ದನ್ನು ಇವರು ಊರಿಗೆಲ್ಲ ಸಾರುವುದಿಲ್ಲ. ವರದಿ ಗುಟ್ಟು, ಸರ್ಕಾರದ ಕೈಗೆ ಮಾತ್ರ. ಸರ್ಕಾರ ಒಪ್ಪಿದರೆ ಪ್ರಕಟಣೆ. ಮೊದಲು ಓದಿದಾಗ ಇದೆಂಥಾ ಮುಚ್ಚುಮರೆ ಅಂತ ಸಿಟ್ಟು ಬಂತು. ಆಮೇಲೆ ಅರ್ಥವಾಯಿತು, ಬಾಗಿಲು ತೆಗೆಸಿಕೊಳ್ಳಲು ಕೊಟ್ಟ ಬೆಲೆ ಅದು. ದೇಶ ಸಹಕರಿಸದಿದ್ದರೆ ಅಥವಾ ಸುಧಾರಿಸಲು ಒಪ್ಪದಿದ್ದರೆ ಮಾತ್ರ ಸಿಪಿಟಿ ಬಹಿರಂಗವಾಗಿ ಮಾತಾಡುತ್ತದೆ. ಹಾಗೆ ಮೊದಲ ಬಾರಿ ಮಾತಾಡಿದ್ದು ಟರ್ಕಿಯ ವಿಷಯದಲ್ಲೇ, 1992ರ ಡಿಸೆಂಬರಿನಲ್ಲಿ. 1996ರಲ್ಲಿ ಮತ್ತೊಮ್ಮೆ ಮಾತಾಡಬೇಕಾಯಿತು ಅಂದರೆ ಇದು ಮಾಯಾಮಂತ್ರವಲ್ಲ ಅಂತಲೂ ತಿಳಿಯಿತು. ವಿಶ್ವಸಂಸ್ಥೆಯ ಉಪಸಮಿತಿಯ ಕೈಯಲ್ಲೂ ಲಾಠಿ ಇಲ್ಲ. 2022ರಲ್ಲಿ ಆಸ್ಟ್ರೇಲಿಯಾದ ಎರಡು ರಾಜ್ಯಗಳು ಕೆಲವು ಕಡೆ ಒಳಗೆ ಬಿಡಲಿಲ್ಲ. ತಂಡ ಭೇಟಿಯನ್ನೇ ನಿಲ್ಲಿಸಿತು, 2023ರ ಫೆಬ್ರವರಿಯಲ್ಲಿ ರದ್ದು ಮಾಡಿತು. ಶ್ರೀಮಂತ ಪ್ರಜಾಪ್ರಭುತ್ವಕ್ಕೂ ಬಾಗಿಲು ತೆಗೆಯೋದು ಕಷ್ಟ ನೋಡಿ.

ಇನ್ನು ನಮ್ಮ ಮನೆ ವಿಷಯ. 1984ರ ಆ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು. ಅನುಮೋದನೆ ಇವತ್ತಿಗೂ ಆಗಿಲ್ಲ. ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ ತೊಂಬತ್ತರ ದಶಕದಲ್ಲೇ ಸೇರಿದವು, ಪಾಕಿಸ್ತಾನ 2010ರಲ್ಲಿ. ನಮ್ಮಲ್ಲಿ 2010ರಲ್ಲಿ ಚಿತ್ರಹಿಂಸೆ ತಡೆ ಮಸೂದೆ ಲೋಕಸಭೆ ದಾಟಿತು, ರಾಜ್ಯಸಭೆಯ ಸಮಿತಿಗೆ ಹೋಗಿ ಕೊನೆಗೆ ಕಾನೂನಾಗದೆ ಬಿದ್ದುಹೋಯಿತು. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಒಪ್ಪಂದವನ್ನು ಅನುಮೋದಿಸಿ ಅಂತ ಹೇಳಿತು. ವರದಿ ಕಡತ ಸೇರಿತು.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. 1993ರಿಂದ ಮಾನವ ಹಕ್ಕು ಆಯೋಗ ಇದೆ. ಕಸ್ಟಡಿಯಲ್ಲಿ ಯಾರಾದರೂ ಸತ್ತರೆ 24 ಗಂಟೆಯೊಳಗೆ ಅದಕ್ಕೆ ತಿಳಿಸಬೇಕು. ಸತ್ತ ಮೇಲೆ! ತಮಾಷೆ ಅಂದರೆ, ಮೂಲ ಕಾಯ್ದೆಯಲ್ಲಿ ಆಯೋಗ ಜೈಲಿಗೆ ಹೋಗಬೇಕಾದರೆ ರಾಜ್ಯ ಸರ್ಕಾರಕ್ಕೆ ತಿಳಿಸಿ ಹೋಗಬೇಕು ಅಂತಿತ್ತು. 2006ರ ತಿದ್ದುಪಡಿಯಲ್ಲಿ ಆ ಮಾತು ಹೋಯಿತು. ಅಂದರೆ ಹದಿಮೂರು ವರ್ಷ ನಮ್ಮ ಶಾಲೆಯ ಇನ್‌ಸ್ಪೆಕ್ಷನ್ನೇ.

ಪ್ರತಿ ಠಾಣೆಯಲ್ಲೂ ಸಿಸಿಟಿವಿ ಹಾಕಿ ಅಂತ ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ ಆದೇಶ ಕೊಟ್ಟಿತು. ಅದೇ ವರ್ಷದ ಜೂನ್‌ನಲ್ಲಿ ತಮಿಳುನಾಡಿನ ಸಾತ್ತಾನ್‌ಕುಳಂ ಠಾಣೆಯಲ್ಲಿ ಹಿಂಸೆಗೊಳಗಾದ ಅಪ್ಪ ಮಗ ಇಬ್ಬರೂ ತೀರಿಕೊಂಡಿದ್ದರು. 2025ರಲ್ಲಿ ಕ್ಯಾಮೆರಾಗಳು ಕೆಲಸ ಮಾಡುತ್ತಿಲ್ಲ ಅಂತ ಕೋರ್ಟು ತಾನಾಗಿಯೇ ಮತ್ತೆ ವಿಷಯ ಕೈಗೆತ್ತಿಕೊಳ್ಳಬೇಕಾಯಿತು. ಕ್ಯಾಮೆರಾ, ಲಾಗ್ ಅಂತಲೇ ಹೊಟ್ಟೆ ಹೊರೆಯುವವನು ನಾನು. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ: ಯಾರ ಮೇಲೆ ಅನುಮಾನವೋ ಅವರ ಕೈಯಲ್ಲೇ ಲಾಗಿನ ಕೀಲಿ ಇದ್ದರೆ ಅದು ಲಾಗ್ ಅಲ್ಲ. ಕ್ಯಾಮೆರಾ ಬೇಕು, ಆದರೆ ಕ್ಯಾಮೆರಾ "ಭಯ ಪಡಬೇಡಪ್ಪ, ಏನಾಯ್ತು ಹೇಳು" ಅಂತ ಕೇಳುವುದಿಲ್ಲ.

"ವಿದೇಶಿಯರು ಯಾಕೆ ನಮ್ಮ ಠಾಣೆಗೆ ಬರಬೇಕು?" ಅಂತೀರಾ? ನ್ಯಾಯವಾದ ಪ್ರಶ್ನೆ. ಆದರೆ 2002ರ ಒಪ್ಪಂದದ ಮುಕ್ಕಾಲು ಭಾರ ಇರೋದು ದೇಶದೊಳಗಿನ ತಂಡದ ಮೇಲೆ. ಪ್ರತಿ ದೇಶವೂ ತನ್ನದೇ ಸ್ವತಂತ್ರ ಭೇಟಿ ತಂಡ ಕಟ್ಟಿಕೊಳ್ಳಬೇಕು. ಜಿನೀವಾದವರು ಅಪರೂಪಕ್ಕೆ ಬರುತ್ತಾರೆ, ನಮ್ಮವರು ವರ್ಷವಿಡೀ ಹೋಗುತ್ತಾರೆ. ಸಹಿ ಆಮೇಲೆ ಮಾಡೋಣ ಅಂದರೂ ಸರಿ, ಈ ತಂಡವನ್ನು ನಾಳೆಯೇ ಶುರು ಮಾಡಲು ಯಾವ ಒಪ್ಪಂದವೂ ಅಡ್ಡ ಬರುವುದಿಲ್ಲ. ಒಬ್ಬ ಡಾಕ್ಟರು, ಒಬ್ಬ ವಕೀಲರು, ಯಾವ ಠಾಣೆಗಾದರೂ ಯಾವ ಹೊತ್ತಿನಲ್ಲಾದರೂ ಹೋಗುವ ಅಧಿಕಾರ, ಏಕಾಂತದಲ್ಲಿ ಮಾತು. ನಾನು ಕೇಳೋದು ಇಷ್ಟೇ.

ತಿಥಿ ಹೇಳದೆ ಬರುವವನೇ ಅತಿಥಿ ಅಂತ ಅಜ್ಜಿ ಹೇಳುತ್ತಿದ್ದರು. ನಮ್ಮ ಠಾಣೆಗಳಿಗೆ ಬೇಕಾಗಿರೋದು ಅಂಥ ಅತಿಥಿಗಳು.

ಅವತ್ತು ಆ ಸ್ಟೇಷನ್ನಿಗೆ ಹೇಳದೇ ಹೋಗಿದ್ದವನು ನಾನೊಬ್ಬನೇ. ಒಳಗೆ ಹೋಗಿ ಕೇಳುವ ಅಧಿಕಾರ ನನಗಿರಲಿಲ್ಲ, ಅದು ನಿಜ. ಆದರೆ "ಒಳಗೆ ಏನು ನಡೀತಿದೆ ಸಾರ್?" ಅಂತ ಒಂದು ಮಾತು ಕೇಳುವುದಕ್ಕೆ ಅಧಿಕಾರ ಬೇಕಿರಲಿಲ್ಲ. ಫೋನ್ ಸಿಗಲಿಲ್ಲ, ಹೊಸದು ತಗೊಂಡೆ. ಆ ಹುಡುಗ ಏನಾದ ಅಂತ ಗೊತ್ತಿಲ್ಲ.

ನೀವಾಗಿದ್ದರೆ ಕೇಳುತ್ತಿದ್ದಿರಾ? ನಿಜ ಬರೆಯಿರಿ, ಬೈದರೂ ಪರವಾಗಿಲ್ಲ.