ಬೆಟದೂರಿನಿಂದ ಕಂಡ ಬೆಲ್‌ಗ್ರೇಡ್

2015ರ ಡಿಸೆಂಬರ್ 24ರಂದು ಮಾಸ್ಕೋ ನಗರದಲ್ಲಿ ಭಾರತ ಮತ್ತು ರಷ್ಯಾ ದೇಶಗಳು ಹೆಲಿಕಾಪ್ಟರುಗಳ ಸಹನಿರ್ಮಾಣದ ಒಪ್ಪಂದಕ್ಕೆ ಅಂಕಿತ ಹಾಕಿದವು. ಅದರ ಹತ್ತನೆಯ ದಿನ, ಎಂದರೆ 2016ರ ಜನವರಿ 3ರಂದು, ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಪ್ರಧಾನಮಂತ್ರಿಗಳು ಎಚ್‌ಎಎಲ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಗೆ ಶಂಕುಸ್ಥಾಪನೆ ನೆರವೇರಿಸಿದರು. ಅಲ್ಲಿಂದ ಸರಿಯಾಗಿ ಒಂದು ತಿಂಗಳಿಗೆ, ಫೆಬ್ರವರಿ 3ರಂದು, ಸಿಯಾಚಿನ್ ಹಿಮನದಿಯ 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮಪ್ರಪಾತವೆರಗಿ ಮದ್ರಾಸ್ ರೆಜಿಮೆಂಟಿನ 10 ಮಂದಿ ಯೋಧರು ಹೂತುಹೋದರು. ಅವರೊಳಗೊಬ್ಬರು ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರ ಗ್ರಾಮದ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ. ಈ ಮೂರು ಸಂಗತಿಗಳನ್ನು ಒಂದೇ ಸಾಲಿನಲ್ಲಿಟ್ಟು ನೋಡಿದವರು ಕಡಿಮೆ. ನಾನು ನೋಡಿದಷ್ಟೂ ಅವು ಬೇರೆ ಬೇರೆ ಸಂಗತಿಗಳೆಂದು ತೋರಲಿಲ್ಲ.

ಆ ಆರು ದಿನಗಳ ಕಥೆಯನ್ನು ನಾಡೆಲ್ಲ ಬಲ್ಲದು. ಎರೆ ಹೊಲದ ಊರುಗಳಲ್ಲಿ ಜೋಳ, ಕಡಲೆಗಳ ಸುಗ್ಗಿ ನಡೆದಿದ್ದ ಕಾಲದಲ್ಲಿ, ಅತ್ತ ಹಿಮನದಿಯ ಮೇಲೆ ಬಂಡೆಗಟ್ಟಿದ ಮಂಜನ್ನು ಕೊರೆಯುವ ಯಂತ್ರಗಳೂ, ನೆಲದೊಳಗನ್ನು ಶೋಧಿಸುವ ರೇಡಾರುಗಳೂ, ಶೋಧಕ ನಾಯಿಗಳೂ ಆ ಎತ್ತರಕ್ಕೆ ಸಾಗಿದವು. ಫೆಬ್ರವರಿ 8ರ ರಾತ್ರಿ ಸುಮಾರು 25 ಅಡಿ ಆಳದಿಂದ ಹನುಮಂತಪ್ಪನವರನ್ನು ಸಜೀವವಾಗಿ ಹೊರತೆಗೆದರು. ಮರುದಿನ ಹೆಲಿಕಾಪ್ಟರಿನಲ್ಲಿ ಕೆಳಗಿಳಿಸಿ, ಥೋಯಿಸ್ ವಾಯುನೆಲೆಯಿಂದ ದಿಲ್ಲಿಗೆ ಒಯ್ದರು. 11ರಂದು ಅವರು ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಹುಬ್ಬಳ್ಳಿಯ ಮೈದಾನದಲ್ಲಿ ನೆರೆದ ಜನಸಾಗರವನ್ನೂ, ಬೆಟದೂರಿನ ಹಾದಿಯುದ್ದಕ್ಕೂ ನಿಂತ ಶಾಲೆಯ ಮಕ್ಕಳನ್ನೂ ಪತ್ರಿಕೆಗಳು ಸಾಕಷ್ಟು ವರ್ಣಿಸಿವೆ. ಪತ್ರಿಕೆಗಳು ಅಷ್ಟಾಗಿ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಅಂಥ ಠಾಣೆಗೆ ಅನ್ನ, ಸೀಮೆಎಣ್ಣೆ, ಔಷಧಗಳನ್ನು ಹೊತ್ತು ಏರುವ ಯಂತ್ರ ಯಾವುದು, ಅದರ ವಯಸ್ಸೆಷ್ಟು?

ಆ ಯಂತ್ರದ ಹೆಸರು ಚೀತಾ. ಫ್ರಾನ್ಸ್ ದೇಶದ ಲಾಮಾ ಹೆಲಿಕಾಪ್ಟರಿನ ವಿನ್ಯಾಸವನ್ನು ಪರವಾನಗಿ ಪಡೆದು ಬೆಂಗಳೂರಿನ ಎಚ್‌ಎಎಲ್ 1970ರ ದಶಕದಿಂದ ಕಟ್ಟಿದ ಈ ಪುಟ್ಟ ವಾಹನವು, ಗಾಳಿ ತೆಳುವಾದ ಆ ಎತ್ತರದಲ್ಲಿ ರೆಕ್ಕೆಗೆ ಆಧಾರವೇ ಸಿಗದಿರುವಾಗ, ಒಂದೊಂದು ಸಲಕ್ಕೆ ಕೆಲವೇ ಕಿಲೋಗಳ ಹೊರೆಯನ್ನು ಹೊತ್ತು, ಹೆಲಿಪ್ಯಾಡೆಂದು ಕರೆಯಲು ಸಂಕೋಚವೆನಿಸುವಷ್ಟು ಕಿರಿದಾದ ಹಿಮದ ಹಾಸಿನ ಮೇಲೆ ಕ್ಷಣಕಾಲ ಇಳಿದು, ಎಂಜಿನ್ನು ಆರಿಸದೆಯೇ ಮರಳುತ್ತದೆ. 1984ರ ಏಪ್ರಿಲ್ 13ರಂದು ಆರಂಭವಾದ ಮೇಘದೂತ ಕಾರ್ಯಾಚರಣೆಯ ಕಾಲದಿಂದ ಸಿಯಾಚಿನ್ನಿನ ಎತ್ತರದ ಠಾಣೆಗಳು ಬದುಕಿರುವುದು ಇದರ ಭರವಸೆಯ ಮೇಲೆ. ಕೆಳಗಿನ ಶಿಬಿರಗಳಿಗೆ ರಷ್ಯಾದ ಮಿ-17 ಹೆಲಿಕಾಪ್ಟರುಗಳು ಭಾರ ಹೊರುತ್ತವೆ. ಚೀತಾ ಮುದಿಯಾಯಿತೆಂದು ಎಲ್ಲರೂ ಬಲ್ಲರು. 2015ರಲ್ಲಿ ಸೇನಾಧಿಕಾರಿಗಳ ಪತ್ನಿಯರೇ ರಕ್ಷಣಾ ಸಚಿವರ ಬಳಿಗೆ ಹೋಗಿ ಈ ಹೆಲಿಕಾಪ್ಟರನ್ನು ನಿವೃತ್ತಿಗೊಳಿಸಿರೆಂದು ಬೇಡಿಕೊಂಡರು. ಗಂಡನ ವಾಹನದ ಗುಣದೋಷವನ್ನು ಮಂತ್ರಿಗೆ ಹೆಂಡತಿ ತಿಳಿಸಬೇಕಾಗಿ ಬಂದ ದೇಶದಲ್ಲಿ ಆಧುನೀಕರಣವೆಂಬ ಪದವನ್ನು ಸ್ವಲ್ಪ ಮೆಲ್ಲಗೆ ಉಚ್ಚರಿಸುವುದು ಉಚಿತ.

ಮಾಸ್ಕೋ ಒಪ್ಪಂದವು ಈ ಕೊರತೆಯನ್ನು ನೀಗಬೇಕಾಗಿತ್ತು. ಕಾಮೋವ್ ಕಾ-226ಟಿ ಎಂಬ ಹೆಲಿಕಾಪ್ಟರುಗಳು 200. ಅವುಗಳಲ್ಲಿ 60 ರಷ್ಯಾದಿಂದ ಸಿದ್ಧವಾಗಿ ಬರತಕ್ಕವು, ಉಳಿದ 140 ನಮ್ಮಲ್ಲೇ ತಯಾರಾಗತಕ್ಕವು. ಜಂಟಿ ಕಂಪನಿಯೂ ಹುಟ್ಟಿತು. ಅನಂತರ ಬೆಲೆಯ ಚರ್ಚೆ, ಸ್ವದೇಶಿ ಭಾಗಗಳ ಪ್ರಮಾಣದ ಚರ್ಚೆ, ಚರ್ಚೆಯ ಮೇಲೆ ಚರ್ಚೆ. ಆ ರಷ್ಯನ್ ಹೆಲಿಕಾಪ್ಟರಿನ ಎಂಜಿನ್ನು ಫ್ರಾನ್ಸಿನದು ಎಂಬುದನ್ನು ಇಲ್ಲಿ ನೆನೆಯಬೇಕು. ರಷ್ಯಾ, ಫ್ರಾನ್ಸ್‌ಗಳಂಥ ಎರಡು ದೇಶಗಳ ನಡುವಿನ ವೈಮನಸ್ಯದಲ್ಲಿ ಮೂರನೆಯ ದೇಶದ ಖರೀದಿ ಹೇಗೆ ಸಿಕ್ಕಿಕೊಳ್ಳುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ದೃಷ್ಟಾಂತ ಬೇಡ. ಸೇನೆಗೆ ಕಾಮೋವ್ ಬರಲಿಲ್ಲ.

ಯಂತ್ರಕ್ಕೂ ಅದರ ಬಿಡಿಭಾಗಕ್ಕೂ ಪರದೇಶವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಪ್ರಶ್ನೆಯನ್ನು ನಮಗಿಂತ ಕಠೋರವಾಗಿ ಎದುರಿಸಿದ ದೇಶ ಸರ್ಬಿಯಾ. ಸರ್ಬಿಯಾ ಯುಗೊಸ್ಲಾವಿಯದ ಭಾಗವಾಗಿದ್ದ ದಿನಗಳಲ್ಲಿ ಆ ದೇಶವೂ ನಮ್ಮ ದೇಶವೂ ಒಂದೇ ಹಾದಿ ಹಿಡಿದಿದ್ದವು. 1961ರಲ್ಲಿ ಅಲಿಪ್ತ ರಾಷ್ಟ್ರಗಳ ಮೊದಲ ಸಮ್ಮೇಳನ ಬೆಲ್‌ಗ್ರೇಡಿನಲ್ಲಿ ನೆರೆಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ರೂಪಿಸಿದ ಮಾರುತ್ ಯುದ್ಧವಿಮಾನ ಮೊದಲ ಬಾರಿಗೆ ಹಾರಿತು, ಯುಗೊಸ್ಲಾವಿಯದಲ್ಲಿ ಗಲೆಬ್ ಎಂಬ ತರಬೇತಿ ಜೆಟ್ ಹಾರಿತು. ಯಾರ ಗುಂಪಿಗೂ ಸೇರೆವೆಂದು ಘೋಷಿಸಿದ ಎರಡೂ ದೇಶಗಳು ಒಡಲನ್ನು ಸ್ವಂತವಾಗಿ ಕಟ್ಟಿದವು, ಉಸಿರನ್ನು ಮಾತ್ರ ಬ್ರಿಟನ್ನಿನಿಂದ ತಂದವು: ಮಾರುತ್‌ಗೆ ಆರ್ಫಿಯಸ್ ಎಂಜಿನ್ನು, ಗಲೆಬ್‌ಗೆ ವೈಪರ್ ಎಂಜಿನ್ನು. 1964ರಲ್ಲಿ ಹಾರಿದ ನಮ್ಮ ಕಿರಣ್ ತರಬೇತಿ ವಿಮಾನಕ್ಕೂ ಮೊದಲಿಗೆ ಅದೇ ವೈಪರ್ ಎಂಜಿನ್ನೇ. ಮಾರುತ್‌ನ ಚೆಲುವಾದ ದೇಹಕ್ಕೆ ತಕ್ಕ ಬಲವುಳ್ಳ ಎಂಜಿನ್ನು ಕೊನೆಯವರೆಗೂ ದೊರೆಯಲೇ ಇಲ್ಲ. 147 ವಿಮಾನಗಳಿಗೆ ಆ ಕಥೆ ಮುಗಿಯಿತು.

ಮುಂದೆ 1987ರ ಸುಮಾರಿಗೆ ಎರಡೂ ದೇಶಗಳು ಸೋವಿಯತ್ ಒಕ್ಕೂಟದಿಂದ ಒಂದೇ ಬಗೆಯ ಮಿಗ್-29 ವಿಮಾನಗಳನ್ನು ಪಡೆದವು. ಹನ್ನೆರಡು ವರ್ಷಗಳ ಮೇಲೆ, 1999ರಲ್ಲಿ, ಎರಡೂ ಕಡೆ ಯುದ್ಧ ಬಂದಿತು. ಕಾರ್ಗಿಲ್ ಕಾಲದಲ್ಲಿ ನಮ್ಮ ಮಿಗ್-29ಗಳು ಮಿರಾಜ್ ವಿಮಾನಗಳಿಗೆ ಬೆಂಗಾವಲಾಗಿ ಹಾರಿದವು. ಅದಕ್ಕೆ ಕೆಲವೇ ವಾರ ಮುಂಚೆ, ಮಾರ್ಚ್ 24ರ ರಾತ್ರಿ, ನ್ಯಾಟೋ ದಾಳಿಯನ್ನು ಎದುರಿಸಲು ಬೆಲ್‌ಗ್ರೇಡಿನ ಬಳಿಯಿಂದ ಮೇಲೆದ್ದ ಮಿಗ್-29ಗಳಲ್ಲಿ ರೇಡಾರುಗಳೇ ಸರಿಯಾಗಿ ಕೆಲಸ ಮಾಡಲಿಲ್ಲ. 1990ರ ದಶಕದ ನಿರ್ಬಂಧಗಳ ಕಾಲದಲ್ಲಿ ಬಿಡಿಭಾಗಗಳಿಲ್ಲದೆ ಅವು ಹ್ಯಾಂಗರಿನಲ್ಲಿಯೇ ಕೆಟ್ಟಿದ್ದವು. ಚಾಲಕರ ಧೈರ್ಯಕ್ಕೆ ಕೊರತೆಯಿರಲಿಲ್ಲ. ಮೂರು ದಿನಗಳ ಮೇಲೆ, ಸ್ರೆಮ್ ಬಯಲಿನ ಬುಡಾನೊವ್ತ್ಸಿ ಎಂಬ ಹಳ್ಳಿಯ ಹೊಲದಲ್ಲಿ, ರೇಡಾರಿಗೆ ಕಾಣದೆಂದು ಹೆಸರಾಗಿದ್ದ ಅಮೆರಿಕದ ಎಫ್-117 ಬಿದ್ದಿತು. ಅದನ್ನು ಕೆಡವಿದ್ದು ಕರ್ನಲ್ ಜೋಲ್ತಾನ್ ದಾನಿಯವರ ತುಕಡಿ, 1960ರ ದಶಕದ ಎಸ್-125 ಕ್ಷಿಪಣಿಯಿಂದ. ಹಳೆಯದನ್ನು ಸುಸ್ಥಿತಿಯಲ್ಲಿಟ್ಟವನು ಗೆದ್ದ, ಹೊಸದನ್ನು ಕೆಡಗೊಟ್ಟವನು ಸೋತ. ಇಬ್ಬರೂ ಒಂದೇ ಸೈನ್ಯದವರು.

ಅಣ್ಣಿಗೇರಿಯ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಬಿತ್ತನೆಯ ಹದ ತಪ್ಪುವ ಹೊತ್ತಿಗೆ ಕುಳಿತ ರೈತನನ್ನು ಕೇಳಿದರೆ, "ಗಾಡಿ ತರೂದು ದೊಡ್ಡ ಮಾತಲ್ರೀ, ಸಾಮಾನು ಸಿಗಬೇಕು" ಎನ್ನುತ್ತಾನೆ. ಸರ್ಬಿಯಾ ಕಲಿತದ್ದೂ ಅದನ್ನೇ. 2017ರಲ್ಲಿ ರಷ್ಯಾದಿಂದ ಆರು ಹಳೆಯ ಮಿಗ್-29ಗಳನ್ನು ತಂದು ದುರಸ್ತಿ ಮಾಡಿಸಿತು. ಬೆಲಾರೂಸಿನಿಂದ ಮತ್ತೆ ನಾಲ್ಕು ಬಂದವು. ಚೀನಾದಿಂದ ಕ್ಷಿಪಣಿಗಳನ್ನು ಪಡೆಯಿತು. ಕಡೆಗೆ 2024ರ ಆಗಸ್ಟ್ 29ರಂದು ಫ್ರಾನ್ಸಿನೊಡನೆ 12 ರಫೇಲ್ ವಿಮಾನಗಳಿಗೆ 270 ಕೋಟಿ ಯೂರೋಗಳ ಕರಾರು ಮಾಡಿಕೊಂಡಿತು. ಮಾಸ್ಕೋದ ಚಿರಕಾಲದ ಮಿತ್ರನೆಂದು ಹೆಸರಾದ ದೇಶ ಇದು. ತನ್ನದೇ ಯುದ್ಧದಲ್ಲಿ ಮುಳುಗಿದ ಮಿತ್ರನಿಂದ ಬಿಡಿಭಾಗ ನಿರೀಕ್ಷಿಸುವುದು ವ್ಯರ್ಥವೆಂದು ಬೆಲ್‌ಗ್ರೇಡ್ ಗ್ರಹಿಸಿತೆಂದು ನನ್ನ ಊಹೆ.

ನಾವು ಸರ್ಬಿಯಾದಷ್ಟು ಅಸಹಾಯರಲ್ಲ. ರಷ್ಯಾದ ಸುಖೋಯ್-30 ನಮ್ಮಲ್ಲಿಗೆ ಬಂದಾಗ ಅದರ ಗಣಕಗಳನ್ನು ಬೆಂಗಳೂರಿನ ರಕ್ಷಣಾ ಪ್ರಯೋಗಾಲಯವೇ ರೂಪಿಸಿತು. ಇದು ಸಣ್ಣ ಸಾಧನೆಯಲ್ಲ. ಆದರೆ 1963ರಲ್ಲಿ ಸೇರಿದ ಮಿಗ್-21 ವಿಮಾನ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಪಡೆದ ಮೇಲೆ ವಾಯುಪಡೆಯಲ್ಲಿ, 42 ಇರಬೇಕಾದಲ್ಲಿ, 29 ಸ್ಕ್ವಾಡ್ರನ್‌ಗಳು ಉಳಿದವು. ಅದರ ಸ್ಥಾನ ತುಂಬಬೇಕಾದ ತೇಜಸ್ ಮಾರ್ಕ್-1ಎ ಅಮೆರಿಕದ ಎಂಜಿನ್ನಿಗಾಗಿ ಕಾದಿತು. ಮಾಸ್ಕೋದ ಬಾಗಿಲಿನಿಂದೆದ್ದು ಇನ್ನೊಬ್ಬರ ಬಾಗಿಲಲ್ಲಿ ಕುಳಿತರೆ ಅದನ್ನು ಸ್ವಾವಲಂಬನೆಯೆಂದು ಕರೆಯಲಾಗದು.

ಗುಬ್ಬಿಯ ಕಾರ್ಖಾನೆಯು 2023ರ ಫೆಬ್ರವರಿ 6ರಂದು, 615 ಎಕರೆ ವಿಸ್ತಾರದಲ್ಲಿ, ಉದ್ಘಾಟನೆಗೊಂಡಿತು. ಕಾಮೋವ್ ಬಾರದಿದ್ದ ಜಾಗದಲ್ಲಿ ಎಚ್‌ಎಎಲ್ ತಾನೇ ವಿನ್ಯಾಸಗೊಳಿಸಿದ ಹಗುರ ಹೆಲಿಕಾಪ್ಟರ್ ಎಲ್‌ಯುಎಚ್ ಅಲ್ಲಿ ತಯಾರಾಗಬೇಕು. 2016ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿದ ಅದು ಸಿಯಾಚಿನ್ನಿನ ಎತ್ತರದಲ್ಲಿಯೂ ಪರೀಕ್ಷೆ ಮುಗಿಸಿದೆ. ಅದರ ಎಂಜಿನ್ನೂ ಫ್ರೆಂಚರ ಜತೆಗೂಡಿ ರೂಪಿಸಿದ್ದೇ ಆದರೂ, ಜತೆಗೂಡಿ ರೂಪಿಸಿದ್ದಕ್ಕೂ ಕೈಯೊಡ್ಡಿ ಪಡೆದದ್ದಕ್ಕೂ ಅಂತರವಿದೆ. ವರ್ಷಕ್ಕೆ ಮೊದಲು 30, ಮುಂದೆ 60, ಆಮೇಲೆ 90 ಎಂಬುದು ಸರಕಾರವೇ ಸಾರಿದ ಲೆಕ್ಕ. 2021ರ ನವೆಂಬರಿನಲ್ಲಿ ಮಂಜೂರಾದದ್ದು 12. ಇತ್ತ 2025ರ ಆಗಸ್ಟಿನಲ್ಲಿ ರಕ್ಷಣಾ ಇಲಾಖೆಯು ಚೀತಾಗಳ ಬದಲಿಗೆ ಸುಮಾರು 200 ಹಗುರ ಹೆಲಿಕಾಪ್ಟರುಗಳಿಗಾಗಿ ಮತ್ತೆ ತಯಾರಕರಿಂದ ಮಾಹಿತಿ ಕೋರಿತು. 2015ರಲ್ಲಿ ಮಾಸ್ಕೋದಲ್ಲಿ ಹೇಳಿದ ಸಂಖ್ಯೆಯೂ ಅದೇ.

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ "ಮಗ ಮಿಲ್ಟ್ರ್ಯಾಗ ಅದಾನ್ರೀ" ಎಂದು ಹೇಳುವ ಮನೆಗಳಿವೆ. ಮತ ಕೇಳಲು ಅಲ್ಲಿಗೆ ಎಲ್ಲ ಪಕ್ಷದವರೂ ಹೋಗುತ್ತಾರೆ. ಉತ್ತರ ಕರ್ನಾಟಕದ ಲೋಕಸಭಾ ಸದಸ್ಯರು, ಪಕ್ಷಭೇದವಿಲ್ಲದೆ, ಮುಂದಿನ ಅಧಿವೇಶನದಲ್ಲಿ ಎರಡೇ ಪ್ರಶ್ನೆಗಳನ್ನು ಲಿಖಿತವಾಗಿ ಕೇಳಲಿ: ಗುಬ್ಬಿಯಿಂದ ಇದುವರೆಗೆ ಎಷ್ಟು ಹೆಲಿಕಾಪ್ಟರುಗಳು ಸೇನೆಯ ಕೈ ಸೇರಿವೆ, ಮತ್ತು ಸಿಯಾಚಿನ್ನಿನಲ್ಲಿ ಕಡೆಯ ಚೀತಾ ಯಾವ ವರ್ಷ ಇಳಿಯುತ್ತದೆ? ಉತ್ತರವನ್ನು ಬೆಟದೂರಿನ ಗ್ರಾಮ ಪಂಚಾಯಿತಿಗೂ ಒಂದು ಪ್ರತಿ ಕಳುಹಿಸಲಿ.