ಸೀರೆ ನೋಡುವ ಕಣ್ಣಿನಲ್ಲೇ ಸ್ಕ್ರೀನ್ ನೋಡಿ

ಮನೆಗೆ ಲ್ಯಾಪ್‌ಟಾಪ್ ತರುವ ಮಾತು ಬಂದಾಗ ನಮ್ಮಲ್ಲಿ ಬಹಳಷ್ಟು ಹೆಣ್ಣುಮಕ್ಕಳು ಒಂದು ಹೆಜ್ಜೆ ಹಿಂದೆ ಸರಿದುಬಿಡುತ್ತೇವೆ. ‘ಅದೆಲ್ಲಾ ನಂಗೆ ಗೊತ್ತಾಗಲ್ಲಪ್ಪ, ನೀವೇ ನೋಡಿ ತಗೊಂಡು ಬನ್ನಿ’ ಅಂತ ಯಜಮಾನರಿಗೋ ಕಾಲೇಜಿಗೆ ಹೋಗುವ ಮಗನಿಗೋ ಒಪ್ಪಿಸಿ ಕಾಫಿ ಮಾಡೋಕೆ ಅಡುಗೆಮನೆಗೆ ಹೋಗ್ತೇವೆ. ಅವರು ಅಂಗಡಿಯಲ್ಲಿ ಪ್ರೊಸೆಸರ್ ಯಾವುದು, ರ್‍ಯಾಮ್ ಎಷ್ಟು, ಡಿಸ್ಕ್ ಎಷ್ಟು ಅಂತ ಗಂಟೆಗಟ್ಟಲೆ ವಿಚಾರಿಸುತ್ತಾರೆ. ಸ್ಕ್ರೀನ್ ವಿಷಯ ಮಾತ್ರ ‘ಹದಿನಾಲ್ಕು ಇಂಚು’ ಅನ್ನುವಲ್ಲಿಗೆ ಮುಗಿದುಹೋಗುತ್ತದೆ.

ಆದರೆ ದಿನಕ್ಕೆ ನಾಲ್ಕೈದು ಗಂಟೆ ಅದರ ಮುಂದೆ ಕೂರುವವರು ಯಾರು ಹೇಳಿ? ಮನೆಯಿಂದಲೇ ಸೀರೆ ವ್ಯಾಪಾರ ಮಾಡುವ ನೀವು. ಆನ್‌ಲೈನ್ ಟ್ಯೂಷನ್ ಹೇಳಿಕೊಡುವ, ಎರಡು ಮೂರು ಅಂಗಡಿಗಳ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆದುಕೊಡುವ ನೀವು. ಎಷ್ಟೋ ಸಲ ದುಡ್ಡೂ ನಿಮ್ಮದೇ, ಚೀಟಿ ಎತ್ತಿದ್ದು. ಇಂಥ ಕೆಲಸಗಳಿಗೆ ಪ್ರೊಸೆಸರ್ ಒಂದು ಮೆಟ್ಟಿಲು ಕೆಳಗಿದ್ದರೂ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ರ್‍ಯಾಮ್ ಸಾಲದಿದ್ದರೆ ಎಷ್ಟೋ ಮಾಡೆಲ್‌ಗಳಲ್ಲಿ ಆಮೇಲೆ ಹಾಕಿಸಬಹುದು. ಮಂಕು ಸ್ಕ್ರೀನನ್ನು ಮಾತ್ರ ಬೆಳಗಾಗೆದ್ದು ದಿನವೂ ನೋಡಬೇಕು, ಬದಲಿಸಲು ಹೋದರೆ ಖರ್ಚು ಕೈ ಕಚ್ಚುತ್ತದೆ. ಆದ್ದರಿಂದ ಉಳಿದದ್ದನ್ನು ಬೇಕಾದರೆ ಅವರೇ ಆರಿಸಲಿ, ಸ್ಕ್ರೀನನ್ನು ಒಪ್ಪುವುದು ಬಿಡುವುದು ಅದರ ಮುಂದೆ ಕೂರುವವಳ ಹಕ್ಕು.

ಈಗ ಬಹಳ ಮಂದಿ ‘ಬಿಸಿನೆಸ್ ಲ್ಯಾಪ್‌ಟಾಪ್’ ಕೊಳ್ಳುತ್ತಿದ್ದಾರೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಇವೆಲ್ಲ ಆ ಜಾತಿಯವು. ಗಟ್ಟಿಮುಟ್ಟು, ಕೀಬೋರ್ಡ್ ಚೆನ್ನಾಗಿರುತ್ತದೆ, ಬಿಡಿಭಾಗ ಸಿಗುತ್ತವೆ. ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟವು ರಿಪೇರಿ, ಪಾಲಿಶ್ ಆಗಿ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕಡಿಮೆ ಬೆಲೆಗೆ ಸಿಗುತ್ತವೆ. ‘ರೀಫರ್ಬಿಶ್ಡ್’ ಅನ್ನುವುದು ಇದನ್ನೇ. ನನ್ನ ಪ್ರಕಾರ ಇದು ಜಾಣತನದ ಖರೀದಿ. ಆದರೆ ಬಿಸಿನೆಸ್ ಅಂತ ಹೆಸರಿದೆ, ಹೊಸದರಲ್ಲಿ ದುಬಾರಿಯಿತ್ತು, ಹಾಗಾಗಿ ಸ್ಕ್ರೀನೂ ಚೆನ್ನಾಗಿರಲೇಬೇಕು ಅಂದುಕೊಂಡರೆ ಎಡವಟ್ಟು. ಕಂಪನಿಯವರು ಒಂದೇ ಸಲಕ್ಕೆ ನೂರಾರು ಕೊಳ್ಳುತ್ತಾರೆ. ಆಫೀಸಿನ ಮೇಜಿನ ಮೇಲೆ ಬೇರೆ ದೊಡ್ಡ ಮಾನಿಟರ್ ಇರುವುದರಿಂದ ಲ್ಯಾಪ್‌ಟಾಪಿನದು ಅಗ್ಗದ ಸ್ಕ್ರೀನ್ ಆದರೂ ನಡೆಯುತ್ತದೆ ಎಂದು ದುಡ್ಡು ಉಳಿಸುವವರಿದ್ದಾರೆ. 2018ರಲ್ಲಿ ಬಂದ ಥಿಂಕ್‌ಪ್ಯಾಡ್ ಟಿ480 ಅನ್ನೇ ತಗೊಳ್ಳಿ. ಅದೇ ಹೆಸರು, ಅದೇ ಕಪ್ಪು ಮೈ, ಒಳಗೆ ಮಾತ್ರ 1366×768ರ ಸಾಧಾರಣ ಟಿಎನ್ ಸ್ಕ್ರೀನ್ ಇರಬಹುದು, 1920×1080ರ ಐಪಿಎಸ್ ಇರಬಹುದು, 2560×1440ರದ್ದೂ ಇರಬಹುದು. ಪಕ್ಕದ ಮನೆಯವರದು ಚೆನ್ನಾಗಿದೆ ಅಂತ ಅದೇ ಮಾಡೆಲ್ ನಂಬರ್ ಬರೆದುಕೊಂಡು ಹೋದರೆ ಸಾಲದು ಅನ್ನೋದು ಇದಕ್ಕೇ.

ಹಾಗಾದರೆ ನೋಡುವುದು ಹೇಗೆ? ಸೀರೆ ಅಂಗಡಿಯಲ್ಲಿ ನಾವು ಟ್ಯೂಬ್‌ಲೈಟನ್ನು ನಂಬುತ್ತೇವಾ? ಬಾಗಿಲ ಹತ್ತಿರ ತಂದು ಬಿಸಿಲಿಗೆ ಹಿಡಿದು, ಸೆರಗು ತಿರುಗಿಸಿ, ಒಡಲು ಮುಟ್ಟಿ ನೋಡಿದ ಮೇಲೇ ಅಲ್ವಾ ದುಡ್ಡು ಕೊಡೋದು. ಆ ಅಭ್ಯಾಸವನ್ನೇ ಇಲ್ಲಿಗೂ ತನ್ನಿ.

ಮೊದಲು ಬ್ರೈಟ್‌ನೆಸ್ ಪೂರ್ತಿ ಏರಿಸಲು ಹೇಳಿ. ‘ನೈಟ್ ಲೈಟ್’ ಆನ್ ಆಗಿದ್ದರೆ ಆಫ್ ಮಾಡಿಸಿ, ಅದಿದ್ದರೆ ಎಲ್ಲವೂ ಹಳದಿಯಾಗಿ ಕಾಣುತ್ತದೆ. ಯಾರಾದರೂ ಮನುಷ್ಯರ ಮುಖವಿರುವ ಫೋಟೋ ತೆರೆದು, ಸ್ಕ್ರೀನನ್ನು ನಿಧಾನವಾಗಿ ಹಿಂದಕ್ಕೆ ಮುಂದಕ್ಕೆ ವಾಲಿಸಿ. ಸ್ವಲ್ಪ ವಾಲಿಸಿದ್ದಕ್ಕೇ ಮುಖ ಬಿಳಿಚಿಕೊಂಡರೆ ಅಥವಾ ಕಪ್ಪಿಟ್ಟು ನೆಗೆಟಿವ್ ಥರ ಕಂಡರೆ ಅದು ಟಿಎನ್ ಜಾತಿಯದು. ಐಪಿಎಸ್ ಆದರೆ ಯಾವ ಕಡೆಯಿಂದ ನೋಡಿದರೂ ಬಣ್ಣ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಅಂಗಡಿಯವರು ಏನೇ ಹೇಳಲಿ, ಈ ಪರೀಕ್ಷೆಗೆ ಅರ್ಧ ನಿಮಿಷವೂ ಬೇಡ. ಇಂದಿನ ದಿನದಲ್ಲಿ ಟಿಎನ್‌ಗೆ ದುಡ್ಡು ಹಾಕಬೇಡಿ ಅಂತಲೇ ನನ್ನ ಸಲಹೆ.

ಒಂದು ಅಪವಾದ ಇದೆ. ಪಕ್ಕದಲ್ಲಿ ಕೂತವರು ಇಣುಕಿ ನೋಡಬಾರದು ಅಂತ ಎಚ್‌ಪಿ 2016ರಲ್ಲಿ ಕೆಲವು ಎಲೈಟ್‌ಬುಕ್‌ಗಳಿಗೆ ‘ಶ್ಯೂರ್ ವ್ಯೂ’ ಎನ್ನುವ ಸ್ಕ್ರೀನ್ ಕೊಡಲು ಶುರುಮಾಡಿತು. ಅದು ಆನ್ ಆಗಿದ್ದರೆ ಓರೆಯಿಂದ ಏನೂ ಸರಿಯಾಗಿ ಕಾಣದು. ಕೆಟ್ಟಿದೆ ಅಂತ ಗಾಬರಿಯಾಗಬೇಡಿ, ಕೀಬೋರ್ಡಿನಲ್ಲೇ ಅದಕ್ಕೊಂದು ಬಟನ್ ಇರುತ್ತದೆ, ಆಫ್ ಮಾಡಿಸಿ ಮತ್ತೆ ನೋಡಿ. ಮಗ್ಗಿ ಹೇಳಿಕೊಡುತ್ತಾ ಪಕ್ಕದಲ್ಲಿ ಮಗುವನ್ನು ಕೂರಿಸಿಕೊಳ್ಳುವವರಿಗೆ ಇಂಥ ಸ್ಕ್ರೀನ್ ಯಾಕೆ ಬೇಕು ಅನ್ನೋದು ಬೇರೆ ಮಾತು!

ಇನ್ನು ಬಣ್ಣ. ಸೀರೆ, ಬ್ಲೌಸ್ ಪೀಸ್, ಒಡವೆ, ಕೇಕ್ ಹೀಗೆ ಬಣ್ಣ ನೋಡಿ ಜನ ಕೊಳ್ಳುವ ಯಾವ ವ್ಯಾಪಾರವಿದ್ದರೂ ಇಲ್ಲಿ ರಾಜಿ ಬೇಡ. ನನ್ನ ಪರಿಚಯದವರೊಬ್ಬರು ಇಳಕಲ್ ಸೀರೆ ತರಿಸಿ ಮಾರುತ್ತಾರೆ. ಅವರ ಮಂಕು ಸ್ಕ್ರೀನಿನಲ್ಲಿ ದಾಳಿಂಬೆ ಕೆಂಪು ಒಣಗಿದ ಇಟ್ಟಿಗೆ ಬಣ್ಣವಾಗಿ ಕಾಣುತ್ತಿತ್ತು. ಸರಿ, ಅಂತ ಫೋಟೋಗೆ ಒಂಚೂರು ಕೆಂಪು ಏರಿಸುತ್ತಿದ್ದರು. ಗಿರಾಕಿಗಳ ಮೊಬೈಲಿನಲ್ಲಿ ಅದೇ ಫೋಟೋ ಧಗಧಗ ಅನ್ನುವಂತೆ ಕಾಣುತ್ತಿತ್ತು! ಸೀರೆ ಕೈಗೆ ಬಂದ ಮೇಲೆ ‘ಫೋಟೋದಲ್ಲಿ ಇದ್ದ ಬಣ್ಣ ಇದಲ್ಲ’ ಅಂತ ವಾಪಸ್. ಹೋಗಿ ಬರುವ ಕೊರಿಯರ್ ಖರ್ಚು ಕೈಯಿಂದ, ಜೊತೆಗೆ ಸುಳ್ಳು ಹೇಳಿ ಮಾರ್ತಾರೆ ಅನ್ನುವ ಮಾತು ಬೇರೆ. ಆ ಮಾತು ಕೇಳಿ ಅವರು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಕಂಪ್ಯೂಟರಿನ ಒಂದು ಗಾಜಿನ ತಪ್ಪಿಗೆ ಹೆಂಗಸಿನ ನಂಬಿಕೆಯ ಪ್ರಶ್ನೆ ಬಂತು ನೋಡಿ.

ಡಬ್ಬದ ಮೇಲೆ ಅಥವಾ ವಿವರದ ಪಟ್ಟಿಯಲ್ಲಿ ‘45 ಪರ್ಸೆಂಟ್ ಎನ್‌ಟಿಎಸ್‌ಸಿ’ ಅಂತಿದ್ದರೆ ಆ ಸ್ಕ್ರೀನ್ ತೋರಿಸುವ ಬಣ್ಣಗಳು ಕಡಿಮೆ ಎಂದರ್ಥ, ಮುಖ್ಯವಾಗಿ ಗಾಢ ಕೆಂಪು, ಹಸಿರುಗಳು ಸೊರಗುತ್ತವೆ. ‘100 ಪರ್ಸೆಂಟ್ ಎಸ್‌ಆರ್‌ಜಿಬಿ’ ಅಥವಾ ‘72 ಪರ್ಸೆಂಟ್ ಎನ್‌ಟಿಎಸ್‌ಸಿ’ ಅಂತಿದ್ದರೆ ಒಳ್ಳೆಯದು, ಎರಡೂ ಸುಮಾರಾಗಿ ಒಂದೇ. ಗಮನಿಸಿ, ಐಪಿಎಸ್ ಅಂದ ಮಾತ್ರಕ್ಕೆ ಬಣ್ಣ ಸರಿ ಇರುತ್ತದೆ ಅಂತಲ್ಲ. ಐಪಿಎಸ್ ಆಗಿದ್ದೂ 45 ಪರ್ಸೆಂಟ್‌ನವು ಬೇಕಾದಷ್ಟಿವೆ, ಹೊಸ ಬಿಸಿನೆಸ್ ಲ್ಯಾಪ್‌ಟಾಪ್‌ಗಳಲ್ಲೂ ಇವೆ. ಬರೀ ಲೆಕ್ಕ ಬರೆಯುವವರಿಗೆ ಅದು ಧಾರಾಳ ಸಾಕು, ಬಣ್ಣಕ್ಕೆಂದು ಹೆಚ್ಚು ದುಡ್ಡು ಸುರಿಯಬೇಕಾಗಿಲ್ಲ. ಮಾರಾಟದವರು ಮಾತ್ರ ಒಂದು ಕೆಲಸ ಮಾಡಿ. ಮನೆಯಲ್ಲಿರುವ ಕುಂಕುಮ ಕೆಂಪಿನದೋ ಗಿಳಿ ಹಸಿರಿನದೋ ಒಂದು ಸೀರೆಯನ್ನು ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಸೀರೆಯನ್ನೂ ಬ್ಯಾಗಿನಲ್ಲಿ ಒಯ್ಯಿರಿ. ಅಂಗಡಿಯಲ್ಲಿ ಫೋಟೋ ತೆರೆದು ಪಕ್ಕದಲ್ಲಿ ಸೀರೆ ಹಿಡಿಯಿರಿ. ಮಾರುವ ಹುಡುಗರು ಮುಸಿಮುಸಿ ನಗಬಹುದು, ನಗಲಿ ಬಿಡಿ.

ಬೆಳಕಿನ ವಿಷಯಕ್ಕೆ ಬಂದರೆ, ನಿಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಎಲ್ಲಿ ಕೂರುತ್ತದೆ ಅನ್ನುವುದರ ಮೇಲೆ ನಿರ್ಧಾರವಾಗಬೇಕು. ಸ್ಕ್ರೀನಿನ ಬೆಳಕನ್ನು ‘ನಿಟ್ಸ್’ನಲ್ಲಿ ಅಳೆಯುತ್ತಾರೆ. ಒಳಗಿನ ರೂಮಿನಲ್ಲಾದರೆ 250 ನಿಟ್ಸ್ ನಡೆಯುತ್ತದೆ. ಬಾಲ್ಕನಿ ಪಕ್ಕದ ಡೈನಿಂಗ್ ಟೇಬಲ್ ನಿಮ್ಮ ಆಫೀಸಾಗಿದ್ದರೆ 300ಕ್ಕೆ ಕಡಿಮೆ ಬೇಡ, 400 ಇದ್ದರೆ ನಿಶ್ಚಿಂತೆ. ಕನ್ನಡಿಯಂತೆ ಹೊಳೆಯುವ ಸ್ಕ್ರೀನಿಗಿಂತ ಹೊಳಪಿಲ್ಲದ ಮ್ಯಾಟ್ ಸ್ಕ್ರೀನ್ ಹಗಲು ಕೆಲಸಕ್ಕೆ ಹಿತ, ಹಿಂದಿನ ಕಿಟಕಿ ಅದರಲ್ಲಿ ಅಷ್ಟಾಗಿ ಪ್ರತಿಫಲಿಸುವುದಿಲ್ಲ. ಬಳಸಿದ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ವಿಷಯ, ವರ್ಷಗಳು ಕಳೆದಂತೆ ಒಳಗಿನ ಬೆಳಕು ಕುಗ್ಗುತ್ತದೆ. ಖಾಲಿ ಬಿಳಿ ಪುಟ ತೆರೆದು ಹೊಸ ಲ್ಯಾಪ್‌ಟಾಪಿನ ಪಕ್ಕ ಇಟ್ಟು ನೋಡಿ, ಹಳೇ ಪಂಚೆಯ ಬಿಳುಪಾಗಿದೆಯಾ ಇಲ್ಲವಾ ತಕ್ಷಣ ಗೊತ್ತಾಗುತ್ತದೆ. ಚಾರ್ಜರ್ ತೆಗೆದೂ ನೋಡಿ, ಬ್ಯಾಟರಿಯ ಮೇಲೆ ಮಂಕಾಗುವಂಥ ಸೆಟ್ಟಿಂಗ್ ಇರಬಹುದು.

ಚಾಳೀಸು ಬಂದವರು, ಬರುವ ವಯಸ್ಸಿನವರು ಅಕ್ಷರ ನೋಡಲೇಬೇಕು. 1366×768ರಲ್ಲಿ ಅಕ್ಷರದ ಅಂಚು ಒರಟು, ಎಕ್ಸೆಲ್‌ನ ಸಾಲುಗಳೂ ಕಡಿಮೆ ಹಿಡಿಯುತ್ತವೆ. 1920×1080 ಆದರೆ ನುಣುಪು. ‘ಅಯ್ಯೋ ಅಕ್ಷರ ಸಣ್ಣ ಕಾಣುತ್ತೆ’ ಅಂದರೆ ವಿಂಡೋಸ್‌ನಲ್ಲಿ 125 ಅಥವಾ 150 ಪರ್ಸೆಂಟ್‌ಗೆ ದೊಡ್ಡದು ಮಾಡಿಕೊಳ್ಳಬಹುದು. ಅಂಗಡಿಯಲ್ಲೇ ಒಂದು ಕನ್ನಡ ಪುಟ ತೆರೆಸಿ, ಒತ್ತಕ್ಷರಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಕಾಣುತ್ತವೆಯೇ ಅಂತ ಒಂದು ಕೈ ಅಳತೆ ದೂರದಿಂದ ಓದಿ ನೋಡಿ.

ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಸ್ಕ್ರೀನ್ ತುಂಬಾ ಹಾಕಿಸಿದರೆ ಸತ್ತ ಚುಕ್ಕೆಗಳು, ಒತ್ತು ಬಿದ್ದ ಬಿಳಿ ಮಚ್ಚೆಗಳು ತಾವಾಗೇ ಬಯಲಾಗುತ್ತವೆ. ಒಂದೆರಡು ಚುಕ್ಕೆಗೆ ವಾರಂಟಿಯಲ್ಲಿ ಬದಲಿಸಿ ಕೊಡದ ಕಂಪನಿಗಳಿವೆ, ಹಾಗಾಗಿ ದುಡ್ಡು ಕೊಡುವ ಮೊದಲೇ ನೋಡಬೇಕು. ಅರೆತಲೆನೋವು ಇರುವವರು ಬ್ರೈಟ್‌ನೆಸ್ ಅರ್ಧಕ್ಕಿಂತ ಕೆಳಗಿಳಿಸಿ ಮೊಬೈಲ್ ಕ್ಯಾಮೆರಾದಲ್ಲಿ ಸ್ಕ್ರೀನನ್ನು ನೋಡಿ. ಕಪ್ಪು ಪಟ್ಟಿಗಳು ಓಡಾಡಿದರೆ ಬೆಳಕು ಮಿನುಗುತ್ತಿದೆ ಅಂತ. ಎಲ್ಲರಿಗೂ ಇದರಿಂದ ತೊಂದರೆಯಾಗುವುದಿಲ್ಲ, ಆದರೆ ತಲೆನೋವಿನವರು ಬೇರೆ ನೋಡುವುದೇ ವಾಸಿ.

ಆನ್‌ಲೈನ್‌ನಲ್ಲಿ ತರಿಸುವವರು ಈ ಪರೀಕ್ಷೆಗಳನ್ನೆಲ್ಲ ಡಬ್ಬ ಬಂದ ದಿನವೇ ಮಾಡಿ, ವಾಪಸಾತಿಯ ಗಡುವು ಕಳೆದ ಮೇಲಲ್ಲ. ಅಂಗಡಿಯವರಾದರೆ ಬಿಲ್ಲಿನಲ್ಲಿ ಬರೀ ಮಾಡೆಲ್ ಹೆಸರಲ್ಲ, ಸ್ಕ್ರೀನ್ ಯಾವುದು, ಎಷ್ಟು ದಿನದ ವಾರಂಟಿ, ಸ್ಕ್ರೀನಿಗೂ ಅದು ಸೇರುತ್ತದಾ ಅನ್ನುವುದನ್ನು ಬರೆಸಿ. ಬರೆದಂತೆ ನಡೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಈಗಾಗಲೇ ಮಂಕು ಸ್ಕ್ರೀನಿನದು ಮನೆಯಲ್ಲಿದೆ, ಏನು ಮಾಡಲಿ ಅನ್ನುವವರಿಗೆ: ಲ್ಯಾಪ್‌ಟಾಪನ್ನೇ ಮಾರಬೇಕಿಲ್ಲ. 22 ಅಥವಾ 24 ಇಂಚಿನ ಐಪಿಎಸ್ ಮಾನಿಟರ್ ಒಂದನ್ನು ಎಚ್‌ಡಿಎಂಐ ಕೇಬಲ್‌ನಲ್ಲಿ ಜೋಡಿಸಿದರೆ ಮನೆಯ ಕೆಲಸಕ್ಕೆ ಸಾಕಷ್ಟಾಯಿತು. ಅದನ್ನು ಕೊಳ್ಳಲು ಹೋಗುವಾಗಲೂ ಸೀರೆಯ ಬ್ಯಾಗ್ ಜೊತೆಗಿರಲಿ.